ಕಡಲಿನಡಿಯ ಗಾಜಿನ ಎಳೆ

ಕೊಚ್ಚಿಯ ಹೋಟೆಲುಗಳಲ್ಲಿ ದುಡಿಯುವ, ಹಡಗು ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮವರಿಗೆ ಲಕ್ಷದ್ವೀಪದ ಪ್ರಯಾಣಿಕರು ಅಪರಿಚಿತರಲ್ಲ. ಬಂದರನ್ನು ಆಳಗೊಳಿಸುವಾಗ ತೋಡಿದ ಮಣ್ಣಿನಿಂದ ರಾಬರ್ಟ್ ಬ್ರಿಸ್ಟೋ ಅವರ ಕಾಲದಲ್ಲಿ ನಿರ್ಮಿತವಾದ ವಿಲ್ಲಿಂಗ್ಡನ್ ಐಲ್ಯಾಂಡಿನಿಂದಲೇ ಅವರ ಹಡಗುಗಳು ಹೊರಡುತ್ತವೆ. ಚಿಕಿತ್ಸೆಗಾಗಿಯೋ ವ್ಯಾಸಂಗಕ್ಕಾಗಿಯೋ ಬರುವ ಈ ಜನ, ಹಡಗು ಹತ್ತುವ ದಿನ ಗಂಟುಮೂಟೆಗಳೊಡನೆ ಕಾದು ಕುಳಿತಿರುತ್ತಾರೆ. ಕನ್ನಡಿಗರಿಗೆ ಅವರೊಡನೆ ಹಳೆಯ ನಂಟೂ ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನದೀವಿಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವುಗಳ ಕಾಗದಪತ್ರಗಳು ಮಂಗಳೂರಿಗೆ ಬರುತ್ತಿದ್ದವು.

ಊರು ಬಿಟ್ಟು ಬಂದವನಿಗೆ ಮನೆಯವರ ದನಿ ಎಂತಹ ಆಸರೆಯೆಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ದ್ವೀಪದವರಿಗೆ ಈ ಸೌಲಭ್ಯ ಬಹುಕಾಲ ಉಪಗ್ರಹದ ಮೂಲಕವೇ ದೊರೆಯಬೇಕಾಗಿತ್ತು. ಉಪಗ್ರಹವಿರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಆಡಿದ ಮಾತು ಅಲ್ಲಿಗೇರಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಮತ್ತೆ ಕಾಲು ಸೆಕೆಂಡು ಬೇಕು. ಅದಕ್ಕಿಂತ ದೊಡ್ಡ ತೊಡಕು ದಾರಿಯ ಇಕ್ಕಟ್ಟು. ಇಡೀ ದ್ವೀಪಸಮೂಹಕ್ಕೆ ದೊರೆಯುತ್ತಿದ್ದುದು ಸೆಕೆಂಡಿಗೆ 1.7 ಗಿಗಾಬಿಟ್, ಎಂದರೆ 170 ಕೋಟಿ ಬಿಟ್. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 64 ಸಾವಿರ. ಎಲ್ಲರೂ ಒಮ್ಮೆಲೇ ಬಳಸಿದರೆ ತಲೆಗೆ 26 ಸಾವಿರ ಬಿಟ್ ಮಾತ್ರ. ಅಷ್ಟರಲ್ಲಿ ಮುಖ ನೋಡಿ ಮಾತನಾಡುವುದು ಅಸಾಧ್ಯ.

ಹಾಗೆಂದು ಉಪಗ್ರಹವನ್ನು ಹಳಿಯುವುದು ಕೃತಘ್ನತೆಯಾದೀತು. ತಿರುವನಂತಪುರದ ತುಂಬಾ ಕಡಲತೀರದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿದ ಮೇಲೆ, ಆ ನಗರದ ವಿಜ್ಞಾನಿಗಳ ಶ್ರಮ ದೂರಸಂಪರ್ಕಕ್ಕೂ ಒದಗಿತು. 1981ರಲ್ಲಿ ಮೇಲೇರಿದ ಆಪಲ್ ಎಂಬ ಪ್ರಾಯೋಗಿಕ ಸಂಪರ್ಕ ಉಪಗ್ರಹವನ್ನು ಅದರ ಕಕ್ಷೆಗೆ ಮುಟ್ಟಿಸಿದ ಯಂತ್ರವು, ಅಲ್ಲಿ ರೂಪುಗೊಂಡ ಎಸ್.ಎಲ್.ವಿ.-3 ರಾಕೆಟ್ಟಿನ ನಾಲ್ಕನೆಯ ಹಂತದಿಂದ ಬಂದುದು.

ಈಗ ಇಕ್ಕಟ್ಟನ್ನು ನೀಗಿಸಿರುವುದು ಗಾಜಿನ ಎಳೆ. ಕೂದಲಿಗಿಂತ ಕೊಂಚವೇ ದಪ್ಪನಾದ ಈ ಎಳೆಯೊಳಗೆ ಬೆಳಕು ಗೋಡೆಯಿಂದ ಗೋಡೆಗೆ ಪ್ರತಿಫಲಿಸುತ್ತ ಹರಿಯುತ್ತದೆ. ಆ ಬೆಳಕಿನ ಮಿಣುಕೇ ನಮ್ಮ ಮಾತು. ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿಯವರು 1954ರಲ್ಲೇ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಆದರೆ ಅಂದಿನ ಗಾಜು ಬೆಳಕನ್ನು ನುಂಗುತ್ತಿತ್ತು. ದೋಷ ಬೆಳಕಿನದಲ್ಲ, ಗಾಜಿನ ಕಲ್ಮಷದ್ದೆಂದು ಚಾರ್ಲ್ಸ್ ಕಾವೋ 1966ರಲ್ಲಿ ವಾದಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಂದಿತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ತಯಾರಿಸಿದ ಎಳೆಯಲ್ಲಿ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ಒಂದೆರಡು ಪಾಲು ಬೆಳಕು ಉಳಿಯುತ್ತಿತ್ತು. ಇಂದಿನ ಎಳೆಗಳಲ್ಲಿ ಅಷ್ಟೇ ಪಾಲು ನೂರು ಕಿಲೋಮೀಟರಿನ ಬಳಿಕವೂ ಉಳಿದಿರುತ್ತದೆ.

ಇಂತಹ ಎಳೆಗಳ ಸುಮಾರು 1,870 ಕಿಲೋಮೀಟರ್ ಉದ್ದದ ತಂತಿಯನ್ನು ಸಮುದ್ರತಳದಲ್ಲಿ ಹಾಸಿ, ಕೊಚ್ಚಿಯನ್ನು ಹನ್ನೊಂದು ದ್ವೀಪಗಳೊಡನೆ ಜೋಡಿಸಲಾಗಿದೆ. ಭಾರತ ಸಂಚಾರ ನಿಗಮವು ಎನ್.ಇ.ಸಿ. ಸಂಸ್ಥೆಯ ಮೂಲಕ 1,072 ಕೋಟಿ ರೂಪಾಯಿ ವೆಚ್ಚದಲ್ಲಿ ಕೈಗೊಂಡ ಈ ಕಾರ್ಯದ ಉದ್ಘಾಟನೆ 2024ರ ಜನವರಿ 3ರಂದು ಕವರತ್ತಿಯಲ್ಲಿ ನಡೆಯಿತು. 1.7 ಗಿಗಾಬಿಟ್ಟಿನ ದಾರಿ 200ಕ್ಕೆ ಏರುವುದೆಂದು ಸರ್ಕಾರ ತಿಳಿಸಿತು. ಹಡಗಿಗೆ ಹದಿನಾಲ್ಕು ಗಂಟೆಗೂ ಹೆಚ್ಚು ಹಿಡಿಯುವ ಕವರತ್ತಿಯ ದಾರಿಯನ್ನು ಬೆಳಕು ಸೆಕೆಂಡಿನ ಸಾವಿರದಲ್ಲಿ ಎರಡು-ಮೂರು ಪಾಲಿನಲ್ಲಿ ಕ್ರಮಿಸುತ್ತದೆ! ಸಾವಿರ ಕೋಟಿ ಬೇಕಿತ್ತೆ ಎಂದು ಕೇಳುವವರಿದ್ದಾರೆ. ವೈದ್ಯರನ್ನು ಕಾಣಲು ಕಡಲು ದಾಟಬೇಕಾದವರನ್ನು ಹಡಗುಕಟ್ಟೆಯಲ್ಲಿ ಕಂಡವರಂತೂ ಈ ಪ್ರಶ್ನೆ ಕೇಳಲಾರರು.

ಸಂಶೋಧನೆ ಇಲ್ಲಿಗೆ ನಿಂತಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರೂ ಮೈಕ್ರೋಸಾಫ್ಟ್ ಸಂಸ್ಥೆಯವರೂ 2025ರಲ್ಲಿ ಪ್ರಕಟಿಸಿದ ಪೊಳ್ಳು ಎಳೆಯಲ್ಲಿ ಬೆಳಕು ಗಾಜಿನಲ್ಲಲ್ಲ, ನಡುವಿನ ಗಾಳಿಯಲ್ಲಿ ಸಾಗುತ್ತದೆ. ಆದ್ದರಿಂದ ವೇಗ ಒಂದೂವರೆ ಪಟ್ಟು, ನೂರು ಕಿಲೋಮೀಟರಿನ ಬಳಿಕ ಉಳಿಯುವ ಬೆಳಕು ಎಂಟರಲ್ಲಿ ಒಂದು ಪಾಲು. ಮತ್ತೊಂದು ಪ್ರಯೋಗ ಇನ್ನೂ ಕುತೂಹಲಕರವಾದುದು. ಮಾಲ್ಟಾ ಮತ್ತು ಸಿಸಿಲಿ ದ್ವೀಪಗಳ ನಡುವಿನ ಸಮುದ್ರತಂತಿಯಲ್ಲಿ ಹರಿಯುವ ಬೆಳಕಿನ ಸೂಕ್ಷ್ಮ ಕಂಪನದಿಂದಲೇ ಭೂಕಂಪವನ್ನು ಗುರುತಿಸಿದುದಾಗಿ ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದರು. 2004ರ ಸುನಾಮಿಯನ್ನು ಕಂಡ ಈ ಕರಾವಳಿಗೆ ಇಂತಹ ಕಾವಲು ಬೇಡವೆ?

ಆದರೆ ತಂತಿ ಕಡಿದರೆ ಗತಿಯೇನು? ಜಗತ್ತಿನ ಸಮುದ್ರತಂತಿಗಳಿಗೆ ವರ್ಷಕ್ಕೆ 150ರಿಂದ 200 ಸಲ ಹಾನಿ ತಟ್ಟುತ್ತದೆ. ಬಹುಪಾಲು ಮೀನುಬಲೆಗಳಿಂದ, ಹಡಗುಗಳ ಲಂಗರುಗಳಿಂದ. ಅದನ್ನು ಮೇಲೆತ್ತಿ ಬೆಸೆಯಲು ವಿಶೇಷ ಹಡಗು ಬೇಕು. ಇದಕ್ಕಾಗಿ ನಾವು ವಿದೇಶಿ ಹಡಗುಗಳನ್ನೇ ನೆಚ್ಚಿರುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರ ಜೂನ್ ತಿಂಗಳ ಶಿಫಾರಸಿನಲ್ಲಿ ಎತ್ತಿ ತೋರಿಸಿತು. ಹಡಗು ಕಟ್ಟುವ ಕಾರ್ಖಾನೆಯೇ ಇರುವ ಕೊಚ್ಚಿಯಲ್ಲಿ ಅಂತಹದೊಂದು ಸದಾ ಸಜ್ಜಾಗಿರಬೇಕೆಂಬುದು ಅತಿಯಾಸೆಯೇನಲ್ಲ. ಹೊರಗಿನ ಹಡಗಿಗೆ ಕಾಯುವಷ್ಟು ದಿನ ದ್ವೀಪದವರ ಮಾತು ಮತ್ತೆ ಉಪಗ್ರಹದ ಕಿರುದಾರಿಯನ್ನೇ ಹಿಡಿಯಬೇಕಾದೀತು.