ಹಾಡುವವರ ಶ್ರುತಿಗೆ ಬೇಸ್ ಗಿಟಾರ್

ಶ್ರುತಿ ತಾಯಿ, ಲಯ ತಂದೆ ಎಂದು ಹಿರಿಯರು ಹೇಳುತ್ತಾರೆ. ಈ ಮಾತಿನ ಅರ್ಥ ನಮಗೆ ಚೆನ್ನಾಗಿ ತಿಳಿದದ್ದು ಶಾಲೆಯ ವಾರ್ಷಿಕೋತ್ಸವಕ್ಕಾಗಿ ಮಕ್ಕಳ ಪುಟ್ಟ ವಾದ್ಯವೃಂದ ಕಟ್ಟಿದಾಗ. ಟೇಲರ್‌ನ ನಮ್ಮ ಗ್ಯಾರೇಜಿನಲ್ಲಿ ಪ್ರತಿ ಶನಿವಾರ ಅಭ್ಯಾಸ ನಡೆಯುತ್ತಿತ್ತು. ಒಂದು ಕೀಬೋರ್ಡ್, ಒಂದು ಪಿಟೀಲು, ಒಂದು ತಬಲ, ಒಂದು ಬೇಸ್ ಗಿಟಾರ್, ಜೊತೆಗೆ ಭಾವಗೀತೆ ಹಾಡಲು ಒಬ್ಬ ಹುಡುಗ. ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಹುಡುಗನ ದನಿ ಒಡೆದಿತ್ತು.

ಮೊದಲು ಅವನು ಮೂರು ಮನೆ ಶ್ರುತಿಯಲ್ಲಿ, ಅಂದರೆ ಇ ಸ್ವರವನ್ನು ಷಡ್ಜವಾಗಿಟ್ಟುಕೊಂಡು ಹಾಡುತ್ತಿದ್ದ. ಈಗ ಕೆಳಗಿನ ಸ್ಥಾಯಿಯಲ್ಲಿ ಹಾಡಿದರೂ ಚರಣದ ಮೇಲಿನ ಸ್ವರಗಳಿಗೆ ಕತ್ತಿನ ನರ ಉಬ್ಬುತ್ತಿತ್ತು. ಎರಡು ಮನೆಗೆ, ಅಂದರೆ ಡಿ ಸ್ವರಕ್ಕೆ ಇಳಿದರೆ ಅವನಿಗೆ ಸುಲಭ. ಆದರೆ ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯೇ ಇ. ಅದನ್ನೇ ಷಡ್ಜವಾಗಿ ಮೊಳಗಿಸುತ್ತಾ ಹಾಡನ್ನು ಕಲಿತಿದ್ದ ಹುಡುಗನಿಗೆ, ಡಿ ಶ್ರುತಿಯಲ್ಲಿ ಆ ಕೆಳಗಿನ ಷಡ್ಜವೇ ಇಲ್ಲವಾಯಿತು. ಒಂದು ಸ್ಥಾಯಿ ಮೇಲಿನ ಡಿ ನುಡಿಸಿದರೆ ನಾದಕ್ಕೆ ತೂಕ ಬರಲಿಲ್ಲ. "ನನ್ನಿಂದ ಎಲ್ಲರಿಗೂ ತೊಂದರೆ, ನಾನು ಹಾಡುವುದಿಲ್ಲ" ಎಂದು ಹಾಡುವ ಹುಡುಗ ಮೂಲೆ ಹಿಡಿದು ಕುಳಿತ.

ಆಗ ಪಿಟೀಲು ನುಡಿಸುವ ಹುಡುಗಿ ಕೇಳಿದಳು: "ನಾವು ಪಿಟೀಲನ್ನು ಹಾಡುವವರ ಶ್ರುತಿಗೆ ಇಳಿಸುತ್ತೇವಲ್ಲ, ಬೇಸನ್ನು ಯಾಕೆ ಇಳಿಸಬಾರದು?"

ನಮ್ಮ ಪದ್ಧತಿ ಇರುವುದೇ ಹಾಗೆ. ಪಾಶ್ಚಾತ್ಯ ಪಿಟೀಲಿನ ತಂತಿಗಳು ಜಿ, ಡಿ, ಎ, ಇ. ಅದೇ ವಾದ್ಯವನ್ನು ಕರ್ನಾಟಕ ಸಂಗೀತದವರು ಗಾಯಕರ ಶ್ರುತಿಗೆ ತಕ್ಕಂತೆ ಸ, ಪ, ಸ, ಪ ಎಂದು ಕೂಡಿಸುತ್ತಾರೆ. ತಂಬೂರಿಯಲ್ಲಿ ತಂತಿಯನ್ನೂ ಬದಲಿಸುತ್ತಾರೆ. ಗಂಡು ದನಿಗೆ ದಪ್ಪ ತಂತಿ, ಹೆಣ್ಣು ದನಿಗೆ ಸಣ್ಣ ತಂತಿ. ಮೈಸೂರಿನ ಟಿ. ಚೌಡಯ್ಯನವರು ಇನ್ನೂ ಮುಂದೆ ಹೋಗಿ, ಮೈಕ್ ಇಲ್ಲದ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ಕೇಳಲೆಂದು ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ತಂತಿ ಮಾಡಿಕೊಂಡರು.

ತಂತಿಯ ಲೆಕ್ಕ

ತಂತಿಯ ಸ್ವರವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಉದ್ದ, ಬಿಗಿ ಮತ್ತು ತೂಕ. ಉದ್ದ ಹೆಚ್ಚಿದರೆ ಸ್ವರ ತಗ್ಗು, ಬಿಗಿ ಹೆಚ್ಚಿದರೆ ಸ್ವರ ಎತ್ತರ, ದಪ್ಪನೆಯ ಭಾರದ ತಂತಿಯಾದರೆ ಸ್ವರ ತಗ್ಗು. 1951ರಲ್ಲಿ ಮಾರುಕಟ್ಟೆಗೆ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನ ಕಂಪಿಸುವ ತಂತಿಯ ಉದ್ದ 34 ಇಂಚು. ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಇದೇ. ತಗ್ಗಿನಿಂದ ಮೇಲಕ್ಕೆ ಇ, ಎ, ಡಿ, ಜಿ ಎಂಬ ನಾಲ್ಕು ತಂತಿಗಳು. ಸಾಮಾನ್ಯ ಸೆಟ್ಟಿನಲ್ಲಿ ಅವುಗಳ ದಪ್ಪ 105, 85, 65, 45. ಇವು ಇಂಚಿನ ಸಾವಿರದ ಪಾಲುಗಳು. 105 ಎಂದರೆ 0.105 ಇಂಚು.

ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41.2, ಡಿ ಸ್ವರದ್ದು 36.7. ಬಿರಡೆ ತಿರುಗಿಸಿ ಇ ಯಿಂದ ಡಿ ಗೆ ಇಳಿಸಿದರೆ ತಂತಿಯ ಬಿಗಿ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ನಾವು ಮೊದಲು ಅಷ್ಟನ್ನೇ ಮಾಡಿದೆವು. ಸ್ವರವೇನೋ ಬಂತು, ಆದರೆ ಸಡಿಲವಾದ ತಂತಿ ವೀಣೆಯ ಮೆಟ್ಟಿಲಿನಂಥ ಫ್ರೆಟ್‌ಗಳಿಗೆ ಬಡಿದು ಜರ್ ಎಂದಿತು. ಹಳೆಯ ಬಿಗಿ ಉಳಿಯಬೇಕಾದರೆ ದಪ್ಪ ಶೇಕಡಾ 12ರಷ್ಟು ಹೆಚ್ಚಬೇಕು. ಅಂದರೆ 105ರ ಜಾಗಕ್ಕೆ 118. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ 115 ಅಥವಾ 120 ಸಾಕು. ನಾವು 115 ಹಾಕಿದೆವು, ಜರ್ ಎನ್ನುವುದು ನಿಂತಿತು.

ಹೀಗೆ ದೊರೆತ ಡಿ, ಎ, ಡಿ, ಜಿ ಎಂಬ ಜೋಡಣೆಗೆ ಡ್ರಾಪ್ ಡಿ ಎಂದು ಹೆಸರು. ಹ್ಯೂಸ್ಟನ್‌ನಲ್ಲಿ ನೆಲೆಸಿ ಹೆಸರಾದ ಕಿಂಗ್ಸ್ ಎಕ್ಸ್ ರಾಕ್ ತಂಡ 1980ರ ದಶಕದ ಕೊನೆಯಲ್ಲೇ ಇದನ್ನು ಬಳಸಿತ್ತು. ಎರಡು ಮನೆ ಶ್ರುತಿಯಲ್ಲಿ ಇದನ್ನು ಓದಿ ನೋಡಿ: ಸ, ಪ, ಸ, ಮ! ಮುಕ್ಕಾಲು ಪಾಲು ನಮ್ಮ ಪಿಟೀಲೇ ಆಯಿತು.

ಒಂದು ತಪ್ಪು, ಒಂದು ಪಾಠ

ಪೂರ್ತಿ ಸ, ಪ, ಸ, ಪ ಆಗಲಿ ಎಂಬ ಆಸೆಯಿಂದ ಜಿ ತಂತಿಯನ್ನು ಎ ಗೆ ಬಿಗಿದೆವು. ಹಳೆಯ ತಂತಿ ಪಟ್ಟೆಂದು ಹರಿದು ಹುಡುಗನ ಕೈಗೆ ಬಡಿಯಿತು. ಪುಣ್ಯಕ್ಕೆ ಗಾಯವಾಗಲಿಲ್ಲ. ಜಿ ಯಿಂದ ಎ ಗೆ ಏರಿಸಿದರೆ ಬಿಗಿ ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. 45ರ ಬದಲು 40ರ ತಂತಿ ಹಾಕಿದ್ದರೆ ಬಿಗಿ ಮೊದಲಿನಷ್ಟೇ ಇರುತ್ತಿತ್ತು. ನಿಯಮ ಸರಳ: ಇಳಿಸುವಾಗ ದಪ್ಪ ತಂತಿ, ಏರಿಸುವಾಗ ಸಣ್ಣ ತಂತಿ.

ಒಂದು ಮನೆಗೆ ಹಾಡುವವರಿಗಾದರೆ ಸಿ, ಜಿ, ಸಿ, ಎಫ್ ಜೋಡಣೆ ಬೇಕು. ಇ ಯನ್ನು ಸಿ ಗೆ ಇಳಿಸಿದರೆ ಬಿಗಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಅಲ್ಲಿಗೆ ಐದು ತಂತಿಯ ಸೆಟ್ಟಿನಲ್ಲಿ ಬರುವ 130ರ ತಂತಿಯೇ ಸರಿ. ಉಳಿದವು 95, 75, 50ರ ಆಸುಪಾಸು.

ಪೋಷಕರಿಗೆ ಕೆಲವು ಮಾತು

ದಪ್ಪ ತಂತಿ ನಟ್ ಎಂಬ ಪಟ್ಟಿಯ ಗೀರಿನಲ್ಲಿ ಕೂರದಿದ್ದರೆ ಅಥವಾ ಕತ್ತು ಬಾಗಿದರೆ ರಿಪೇರಿ ಬಲ್ಲವರ ಕೈಗೆ ಕೊಡಿ. ತಂತಿ ಬದಲಿಸಿದ ಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಬಿಡಿ ತಂತಿಯ ಮೇಲಿನ ಸ್ಥಾಯಿಗೆ ಸರಿಯಾಗಿ ಕೂಡುತ್ತದೆಯೇ ಎಂದು ನೋಡಿ. ಪುಟ್ಟ ಕೈಗಳಿಗೆ 30 ಇಂಚಿನ ಬೇಸ್ ಹಿತ. ಅದೇ ತಂತಿ ಅದೇ ಸ್ವರಕ್ಕೆ ಅದರಲ್ಲಿ ಐದನೇ ಒಂದು ಪಾಲಿಗಿಂತಲೂ ಹೆಚ್ಚು ಸಡಿಲವಾಗಿರುತ್ತದೆ. ಆದ್ದರಿಂದಲೇ ತೀರ ತಗ್ಗಿನ ಶ್ರುತಿಗೆ ಅದು ಒದಗದು. ಟೆಕ್ಸಾಸ್‌ನ ಬೇಸಿಗೆಯಲ್ಲಿ ವಾದ್ಯವನ್ನು ಕಾರಿನಲ್ಲಿ ಬಿಡಲೇಬೇಡಿ. ಗ್ಯಾರೇಜಿನಲ್ಲೂ ಬೇಡ. ಮರ ಬಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ.

ಮಕ್ಕಳೇ, ನಾಲ್ಕನೇ ತಂತಿ ಇಳಿದ ಮೇಲೆ ಅದರ ಸ್ವರಗಳೆಲ್ಲ ಎರಡು ಫ್ರೆಟ್ ಮುಂದೆ ಸರಿದಿರುತ್ತವೆ. ನಮ್ಮ ಬೇಸ್ ಹುಡುಗ ಅದನ್ನು ಎರಡು ವಾರ ಕುಳಿತು ಹೊಸದಾಗಿ ಕಲಿತ. ಗೆಳೆಯನಿಗಾಗಿ ಅವನು ಮಾಡಿದ ಆ ಕೆಲಸವನ್ನು ಸಭಿಕರು ಯಾರೂ ಗಮನಿಸಲಿಲ್ಲ. ಅವರಿಗೆ ಕೇಳಿದ್ದು ಕತ್ತಿನ ನರ ಉಬ್ಬಿಸದೆ, ಹಾಯಾಗಿ ಹಾಡಿದ ಒಂದು ಹೊಸ ಗಂಡು ದನಿ. ದನಿ ಒಡೆದ ಮಗುವನ್ನು ಹಾಡಿನಿಂದ ಬಿಡಿಸುವ ಮೊದಲು ಒಮ್ಮೆ ಬಿರಡೆ ತಿರುಗಿಸಿ ನೋಡೋಣ. ತಂತಿಯನ್ನು ಬದಲಿಸಬಹುದು, ಕಂಠವನ್ನು ಬದಲಿಸಲಾಗದು.