ಕಂಪ್ಯೂಟರಿಗೆ ಎಷ್ಟು ದೊಡ್ಡ ಕ್ಯಾಬಿನೆಟ್ ಬೇಕು?

ಕಂಪ್ಯೂಟರಿನ ಡಬ್ಬಕ್ಕೆ ಎಲ್ಲರೂ ಸಿ.ಪಿ.ಯು. ಅಂತಾರೆ. ಅದರ ಹೆಸರು ಕ್ಯಾಬಿನೆಟ್. ಸಿ.ಪಿ.ಯು. ಅನ್ನೋದು ಒಳಗಿರುವ ಸಣ್ಣ ಬಿಸ್ಕತ್ತಿನಷ್ಟು ಚಿಪ್ಪು ಮಾತ್ರ.

ಪೇಟೆಯಲ್ಲಿ ಸ್ಟುಡಿಯೋ ಇಟ್ಟಿರುವ ನಮ್ಮ ಚಿಕ್ಕಪ್ಪ ಮದುವೆ ವಿಡಿಯೋ ಕೆಲಸಕ್ಕೆ ಸಾಲ ಮಾಡಿ ದೊಡ್ಡ ಕಂಪ್ಯೂಟರ್ ಜೋಡಿಸುತ್ತಿದ್ದಾರೆ. ಒಳಗಿನ ಸಾಮಾನಿನ ಅಳತೆ ಗೊತ್ತಾಗದೆ ಕ್ಯಾಬಿನೆಟ್ ಕೊಂಡರೆ ದುಡ್ಡು ದಂಡ ಎಂದರು. ಲೆಕ್ಕ ನಾನು ಬರೆದುಕೊಟ್ಟೆ.

ಅವರ ಮದರ್‌ಬೋರ್ಡ್ ಎ.ಟಿ.ಎಕ್ಸ್. ಅಳತೆಯದು. ಉದ್ದ 30.5 ಸೆಂ.ಮೀ., ಅಗಲ 24.4 ಸೆಂ.ಮೀ. ಇಂಟೆಲ್ ಕಂಪನಿ 1995ರಲ್ಲಿ ಈ ಅಳತೆ ತಂದಿತು. 17 ಸೆಂ.ಮೀ. ಚೌಕದ ಮಿನಿ ಐ.ಟಿ.ಎಕ್ಸ್. ಬೋರ್ಡಿಗೆಂದೇ ಮಾಡಿದ ಕ್ಯಾಬಿನೆಟ್‌ನಲ್ಲಿ ಇದು ಕೂರಲ್ಲ.

ನಿಜವಾದ ತಕರಾರು ಗ್ರಾಫಿಕ್ಸ್ ಕಾರ್ಡಿನದು. 2022ರಲ್ಲಿ ಬಂದ ಆರ್‌ಟಿಎಕ್ಸ್ 4090, ಎನ್‌ವಿಡಿಯಾದವರೇ ಮಾಡಿದ್ದು, 30.4 ಸೆಂ.ಮೀ. ಉದ್ದ. ಬೇರೆ ಕಂಪನಿಯವರು ಮಾಡಿದ ಹಲವು ಇನ್ನೂ ಉದ್ದ. ಒಳಗೆ 35 ಸೆಂ.ಮೀ. ಇದ್ದರೆ ಸಾಕಲ್ವಾ ಅನ್ನಿಸುತ್ತೆ. ಆದರೆ ನೀರಿನಿಂದ ತಂಪು ಮಾಡುವ ರೇಡಿಯೇಟರನ್ನು ಮುಂಭಾಗಕ್ಕೆ ಹಾಕಿದರೆ ಅದಕ್ಕೆ 2.7, ಅದರ ಫ್ಯಾನಿಗೆ 2.5, ಒಟ್ಟು 5.2 ಸೆಂ.ಮೀ. ಹೋಯ್ತು. ಉಳಿಯೋದು 29.8. ಕಾರ್ಡು ಹಿಡಿಸಲ್ಲ! ಅಗಲವನ್ನೂ ನೋಡಬೇಕು. ಕರೆಂಟಿನ ವೈರು ಕಾರ್ಡಿನ ಅಂಚಿಗೆ ಸೇರುತ್ತದೆ. ಬಾಗಿಲು ಅದನ್ನು ಒತ್ತಿ ಮಡಿಸಬಾರದು.

ಈ ಕಾರ್ಡು ಒಂದೇ 450 ವ್ಯಾಟ್ ತನಕ ಎಳೆಯುತ್ತೆ, ಅಂದರೆ 60 ವ್ಯಾಟಿನ ಏಳು ಬಲ್ಬಿಗಿಂತ ಹೆಚ್ಚು. ಅಷ್ಟೂ ಬಿಸಿ ಹೊರಗೆ ಹೋಗಬೇಕು. ಮುಂದೆ ಬರೀ ಗಾಜಿದ್ದು ಗಾಳಿಗೆ ದಾರಿ ಕಮ್ಮಿಯಾದ್ರೆ ಅಂದವಾಗಿದ್ದೂ ಏನು ಉಪಯೋಗ? ಚಿಕ್ಕಪ್ಪ ಮುಂದೆ ಜಾಲರಿ ಇರುವ, ಒಳಗೆ 40 ಸೆಂ.ಮೀ. ಜಾಗದ್ದನ್ನು ಆರಿಸಿದ್ದಾರೆ. ಧೂಳಿನ ಜರಡಿ ಬಿಚ್ಚಿ ತೊಳೆಯೋ ಕೆಲಸ ನನಗಂತೆ.