ಕಿವಿ ಪಳಗಿದರೆ ಓದು ಬಂದೀತೇ?

‘ಬ’ ಮತ್ತು ‘ಡ’ ಎಂದು ಒಮ್ಮೆ ಹೇಳಿ ನೋಡಿ. ಕಿವಿ ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಮುಖ್ಯವಾಗಿ ಮೊದಲ ಸುಮಾರು 40 ಮಿಲಿಸೆಕೆಂಡುಗಳ ದನಿಯಿಂದ. ಆಮೇಲೆ ಉಳಿಯುವುದು ಅದೇ ‘ಅ’ಕಾರ. ಅಷ್ಟು ವೇಗದ ಸದ್ದನ್ನು ಕೆಲವು ಮಕ್ಕಳು ಹಿಡಿಯಲಾರರು ಎಂಬ ಶಂಕೆಯಿಂದಲೇ ಒಂದು ಕಂಪ್ಯೂಟರ್ ತರಬೇತಿ ಹುಟ್ಟಿತು.

ಮಾತು ಕಲಿಯಲು ತೊಡಕಿರುವ ಮಕ್ಕಳು ಬೆನ್ನುಬೆನ್ನಿಗೆ ಬರುವ ಎರಡು ನಾದಗಳ ಕ್ರಮ ಹೇಳಲು ತಡವರಿಸುತ್ತಾರೆ, ನಡುವೆ ಬಿಡುವು ಕೊಟ್ಟರೆ ಸರಿಯಾಗಿ ಹೇಳುತ್ತಾರೆ ಎಂದು ಸಂಶೋಧಕರಾದ ಪೌಲಾ ತಲ್ಲಾಲ್ ಮತ್ತು ಮಾಲ್ಕಂ ಪಿಯರ್ಸಿ 1973ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಓದಿನ ತೊಡಕಿಗೂ ಇದೇ ಮೂಲವಿರಬಹುದು ಎಂದು ತಲ್ಲಾಲ್ ಮುಂದೆ ವಾದಿಸಿದರು. ಅತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೈಕೆಲ್ ಮರ್ಜೆನಿಕ್, ಸತತ ಅಭ್ಯಾಸದಿಂದ ಮಂಗಗಳ ಮಿದುಳಿನ ಜೋಡಣೆಯೇ ಬದಲಾಗುವುದನ್ನು ತೋರಿಸಿದ್ದರು. ತಲ್ಲಾಲ್ ಮತ್ತು ಮರ್ಜೆನಿಕ್ ಕೈಜೋಡಿಸಿದರು.

ಅವರ ಆಟವೊಂದರಲ್ಲಿ ಮಗು ಎರಡು ಚಿಕ್ಕ ನಾದಗಳನ್ನು ಕೇಳಿ, ಪ್ರತಿಯೊಂದೂ ಏರಿತೋ ಇಳಿಯಿತೋ ಎಂದು ಕ್ರಮವಾಗಿ ಗುಂಡಿ ಒತ್ತಬೇಕು. ಸರಿಯುತ್ತರ ಬಂದಂತೆ ನಾದಗಳ ನಡುವಿನ ಬಿಡುವು ಕುಗ್ಗುತ್ತದೆ. ಜೊತೆಗೆ, ಕಂಪ್ಯೂಟರ್ ಮೂಲಕ ಹಿಗ್ಗಿಸಿ, ವೇಗದ ದನಿಗಳನ್ನು ಜೋರಾಗಿಸಿದ ಮಾತನ್ನೂ ಕೇಳಿಸಿದರು. 1996ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯ ಎರಡು ಲೇಖನಗಳು, ನಾಲ್ಕೇ ವಾರಗಳಲ್ಲಿ ಮಕ್ಕಳ ಭಾಷಾಗ್ರಹಣ ಗಣನೀಯವಾಗಿ ಸುಧಾರಿಸಿತೆಂದು ವರದಿ ಮಾಡಿದವು. ಅದೇ ವರ್ಷ ಈ ತರಬೇತಿಯನ್ನು ಮಾರಲು ಅವರ ಕಂಪನಿ ಶುರುವಾಯಿತು. ‘ಫಾಸ್ಟ್ ಫಾರ್‌ವರ್ಡ್’ ಎಂಬ ಹೆಸರಿನಲ್ಲಿ ತರಬೇತಿ ಮಾರುಕಟ್ಟೆಗೆ ಬಂದು, ಅಮೆರಿಕದ ಅನೇಕ ಶಾಲೆಗಳನ್ನು ತಲುಪಿತು.

ಆದರೆ ಆ ಮೊದಲ ಪ್ರಯೋಗಗಳು ನಡೆದದ್ದು ಬೆರಳೆಣಿಕೆಯ ಮಕ್ಕಳ ಮೇಲೆ. 2008ರಲ್ಲಿ ರೋನಾಲ್ಡ್ ಗಿಲ್ಲಮ್ ತಂಡ 216 ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿತು. ಒಂದಕ್ಕೆ ಈ ಆಟಗಳು, ಇನ್ನೊಂದಕ್ಕೆ ಬೇರೆ ಭಾಷಾ ತಂತ್ರಾಂಶ, ಮತ್ತೊಂದಕ್ಕೆ ತಜ್ಞರ ನೇರ ಪಾಠ, ಕೊನೆಯದಕ್ಕೆ ಗಣಿತ, ಭೂಗೋಳದಂಥ ಸಾಮಾನ್ಯ ಕಂಪ್ಯೂಟರ್ ಪಾಠ. ಭಾಷೆಯಲ್ಲಿ ನಾಲ್ಕೂ ಗುಂಪು ಸುಧಾರಿಸಿದವು. ವಿಶೇಷ ಆಟಗಳಿಗೆ ಮೇಲುಗೈ ಸಿಗಲಿಲ್ಲ. 2011ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಅಳೆದಾಗಲೂ ಓದಿನ ಮೇಲೆ ಪರಿಣಾಮ ಕಾಣಲಿಲ್ಲ.

ಮಿದುಳು ಅಭ್ಯಾಸಕ್ಕೆ ಪಳಗುತ್ತದೆ ಎಂಬುದು ನಿಜ. ಆದರೆ ಅದು ಪಳಗುವುದು ಮುಖ್ಯವಾಗಿ ಅಭ್ಯಾಸ ಮಾಡಿದ್ದಕ್ಕೇ. ಓದು ಬರಬೇಕಾದರೆ ಅಕ್ಷರ ಮತ್ತು ಅದರ ದನಿಯನ್ನು ಕ್ರಮವಾಗಿ, ತಾಳ್ಮೆಯಿಂದ, ಮತ್ತೆ ಮತ್ತೆ ಕಲಿಸಬೇಕು. ಮಿದುಳು ಚುರುಕುಗೊಳಿಸುವ ಆ್ಯಪ್ ಕೊಳ್ಳುವ ಮುನ್ನ ಪೋಷಕರು ಒಂದು ಪ್ರಶ್ನೆ ಕೇಳಲಿ: ಏರಿದ್ದು ಆಟದ ಅಂಕವೋ, ಮಗುವಿನ ಓದೋ?